ವಾಸನೆಯ ಕಾಲಂ

ನಮ್ಮ ಕಂಪನಿಯ ತಪಾಸಣಾ ವರದಿಯಲ್ಲಿ ಎಂಟು ಕಾಲಂಗಳಿವೆ. ಕಟ್ಟಡ, ಯೂನಿಟ್ ಸಂಖ್ಯೆ, ದಿನಾಂಕ, ಧೂಳು, ತೇವ, ಹರಿದ ಜಾಗ, ವಾಸನೆ, ಸಹಿ. ಹದಿನಾಲ್ಕು ವರ್ಷದಿಂದ ಅದನ್ನು ಟೈಪ್ ಮಾಡುತ್ತಿರುವವಳು ನಾನು. ಮೊದಲ ಆರು ಕಾಲಂ ಮುಗಿಸುವಷ್ಟರಲ್ಲಿ ನನಗೆ ನಾಲ್ಕು ಸಲ ಆಕಳಿಕೆ ಬರುತ್ತದೆ, ಇದನ್ನು ಮ್ಯಾನೇಜರ್ ಎದುರಿಗೂ ಹೇಳಿದ್ದೇನೆ. ಸುತ್ತಿ ಬಳಸಿ ಮಾತಾಡುವುದು ನನಗೆ ಆಗಿಬರುವುದಿಲ್ಲ. ಏಳನೆಯ ಕಾಲಂ ಬಂದಾಗ ಮಾತ್ರ ನಾನು ಕುರ್ಚಿಯಲ್ಲಿ ಸರಿಯಾಗಿ ಕೂರುತ್ತಿದ್ದೆ. ಅದಕ್ಕೆ ಕಾರಣ ನನ್ನ ಸೋದರಮಾವ.

ಮಿಕ್ಕ ತಪಾಸಣೆಯವರು ಅಲ್ಲಿ 'ಇದೆ' ಅಥವಾ 'ಇಲ್ಲ' ಎಂದು ಗೀಚಿ ಕೈ ತೊಳೆದುಕೊಳ್ಳುತ್ತಾರೆ. ಮಾವ ಬರೆಯುತ್ತಿದ್ದದ್ದೇ ಬೇರೆ. 'ಒದ್ದೆ ರಟ್ಟು.' 'ಬಹಳ ದಿನ ಬೀಗ ಹಾಕಿದ ಬೀರು, ಒಳಗೆ ಕಾಗದ.' 'ನೆಲ ಒರೆಸಿ ಹಿಂಡದೆ ಇಟ್ಟ ಬಟ್ಟೆ, ಎರಡು ದಿನದ್ದು.' ಒಂದು ಸಲ 'ಸತ್ತ ಇಲಿ, ಒಂದು ವಾರ, ಎಡಗಡೆ ಕೆಳಗೆ' ಎಂದು ಬರೆದಿದ್ದರು. ಹೊಸದಾಗಿ ಸೇರಿದ್ದ ಇಂಜಿನಿಯರ್ ಅದನ್ನು ಓದಿ ನಕ್ಕಿದ್ದ. ತಗಡು ಬಿಚ್ಚಿದಾಗ ಇಲಿ ಎಡಗಡೆಯೇ ಇತ್ತು. ಒಂದು ವಾರದ ಲೆಕ್ಕ ಸರಿಯೇ ಎಂದು ಇಲಿಯನ್ನು ಕೇಳುವ ಹಾಗಿರಲಿಲ್ಲ. ಅವತ್ತಿನಿಂದ ಕೆಲಸದವರೆಲ್ಲ ಅವರನ್ನು ಮೂಗಣ್ಣ ಎಂದು ಕರೆಯತೊಡಗಿದರು.

ಯೂನಿಟ್ ಅಂದರೆ ಏನೆಂದು ಮೊದಲೇ ಹೇಳಿಬಿಡುತ್ತೇನೆ. ದೊಡ್ಡ ಕಟ್ಟಡಗಳಲ್ಲಿ ತಲೆಯ ಮೇಲಿನ ಜಾಲರಿಯಿಂದ ತಂಪುಗಾಳಿ ಬರುತ್ತದಲ್ಲ, ಅದು ಎಲ್ಲೋ ಮೂಲೆಯ ಕೋಣೆಯಲ್ಲಿರುವ ಒಂದು ತಗಡಿನ ಪೆಟ್ಟಿಗೆಯಿಂದ ಬರುತ್ತದೆ. ಪೆಟ್ಟಿಗೆ ಅಂದರೆ ಆಳು ಬಗ್ಗಿಕೊಂಡು ಒಳಗೆ ಹೋಗುವಷ್ಟು ದೊಡ್ಡದು. ಒಳಗೊಂದು ಫ್ಯಾನು, ತಣ್ಣೀರು ಹರಿಯುವ ಕೊಳವೆಗಳ ಸಾಲು, ಅದರ ಕೆಳಗೆ ತೊಟ್ಟಿಕ್ಕುವ ನೀರು ಹಿಡಿಯಲು ಟ್ರೇ. ತಗಡಿನ ಗೋಡೆಗಳಿಗೆ ಒಳಗಿನಿಂದ ಇನ್ಸುಲೇಶನ್ ಅಂಟಿಸಿರುತ್ತಾರೆ. ಗಾಜಿನ ಎಳೆಗಳಿಂದ ಮಾಡಿದ ದಪ್ಪ ಹಾಸು ಅದು, ಮೇಲೆ ಕಪ್ಪು ಲೇಪ ಇರುತ್ತದೆ. ಅದು ಒಣಗಿದ್ದರೆ ಯಾರ ತಂಟೆಗೂ ಬರುವುದಿಲ್ಲ. ಒದ್ದೆಯಾಗಿ ಒಳಗೆ ಬೂಷ್ಟು ಹಿಡಿಯಿತೋ, ಕೆಳಗೆ ಕೂತವರೆಲ್ಲ ಆ ಬೂಷ್ಟಿನ ಮೇಲೆ ಹಾಯ್ದು ಬಂದ ಗಾಳಿಯನ್ನೇ ಉಸಿರಾಡುತ್ತಾರೆ. ಕೆಮ್ಮು ಬಂದರೆ ಹವೆ ಬದಲಾಯಿತು ಅನ್ನುತ್ತಾರೆ.

ಮಾವ ಈ ಕೆಲಸಕ್ಕೆ ಬಂದದ್ದು ತೆಳ್ಳಗಿದ್ದರು ಎಂಬ ಒಂದೇ ಅರ್ಹತೆಯಿಂದ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವರು ತಗಡಿನ ಅಂಗಡಿಯೊಂದರಲ್ಲಿ ಗಾಳಿಕೊಳವೆ ಬಗ್ಗಿಸುತ್ತಿದ್ದರು. ಒಂದು ದಿನ ಕೊಳವೆ ತಲುಪಿಸಲು ಹೋದ ಕಟ್ಟಡದಲ್ಲಿ, ಯೂನಿಟ್ ತೊಳೆಯಲು ಹೋಗಿದ್ದವನ ಹೊಟ್ಟೆ ಬಾಗಿಲಿನಲ್ಲಿ ಸಿಕ್ಕಿಕೊಂಡಿತ್ತು. ಅವನನ್ನು ಹೊರಗೆಳೆದ ಮೇಲೆ ಒಳಗೆ ಹೋಗುವವರು ಯಾರು ಎಂದಾಗ ಎಲ್ಲರೂ ಮಾವನ ಕಡೆ ನೋಡಿದರಂತೆ. ಅವತ್ತು ಒಳಗೆ ಹೋದವರು ಮೂವತ್ತೈದು ವರ್ಷ ಹೊರಗೆ ಬರಲಿಲ್ಲ ಎಂದು ಅತ್ತೆ ಆಡಿಕೊಳ್ಳುತ್ತಿದ್ದರು. ಮೊದಲ ಹದಿನೈದು ವರ್ಷ ಬ್ರಷ್ಷು ಹಿಡಿದರು. ಆಮೇಲೆ ತಪಾಸಣೆಗೆ ಹಾಕಿ, ಕೈಗೆ ಅವರ ಹೆಸರಿನ ರಬ್ಬರ್ ಸ್ಟಾಂಪ್ ಕೊಟ್ಟರು. ಆ ಸ್ಟಾಂಪನ್ನು ಅವರು ಅಂಗಿಯ ಎಡಜೇಬಿನಲ್ಲಿ, ಕನ್ನಡಕದ ಹಿಂದೆ ಇಟ್ಟುಕೊಳ್ಳುತ್ತಿದ್ದರು. ಮನೆಯಲ್ಲಿ ಅಂಗಿ ಬಿಚ್ಚಿದರೆ ಅದು ಗೋಡೆಯ ಗೂಡಿಗೆ ಹೋಗುತ್ತಿತ್ತು, ಬೆಳಿಗ್ಗೆ ಮತ್ತೆ ಜೇಬಿಗೆ.

ಕೆಲಸ ಮಾಡಿಸುವುದರಲ್ಲಿ ಮಹಾ ಕಿರಿಕಿರಿಯ ಮನುಷ್ಯ. ಇನ್ಸುಲೇಶನ್ನನ್ನು ಉಜ್ಜಬಾರದು. ಉಜ್ಜಿದರೆ ಮೇಲಿನ ಲೇಪ ಕಿತ್ತು ಗಾಜಿನ ಎಳೆ ಗಾಳಿಗೆ ಬೀಳುತ್ತದೆ. ಮೆತ್ತನೆಯ ಬ್ರಷ್ಷಿನ ಪಕ್ಕದಲ್ಲೇ ವ್ಯಾಕ್ಯೂಮಿನ ಬಾಯಿ ಹಿಡಿದು, ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿ ಎಳೆಯಬೇಕು. "ಮಗು ತಲೆ ಬಾಚ್ದಂಗೆ ಬಾಚ್ರಯ್ಯಾ, ಪಾತ್ರೆ ತಿಕ್ತಾ ಇದ್ದೀರಾ?" ಎಂದು ಹೊರಗೆ ನಿಂತು ಗೊಣಗುತ್ತಿದ್ದರು. ಒದ್ದೆಯಾದದ್ದನ್ನು ತೊಳೆಯುವ ಮಾತೇ ಇಲ್ಲ, ಕತ್ತರಿಸಿ ಹೊಸದು ಹಾಕಬೇಕು. ಕೆಲವು ಕಡೆ ಒದ್ದೆಯ ಮೇಲೇ ಹೊಸ ಲೇಪ ಬಳಿದು ಫಳಫಳ ಮಾಡಿಬಿಡುತ್ತಾರೆ. ಅಂಥದ್ದು ಕಣ್ಣಿಗೂ ಸಿಗುವುದಿಲ್ಲ, ಒಣಗಿದ ಮೇಲೆ ತೇವದ ಮೀಟರಿಗೂ ಸಿಗುವುದಿಲ್ಲ. ಅದನ್ನು ಹಿಡಿಯುತ್ತಿದ್ದದ್ದು ಮಾವನ ಮೂಗು.

ಅದಕ್ಕೊಂದು ಕ್ರಮ ಇತ್ತು. ಫ್ಯಾನ್ ನಿಲ್ಲಿಸುವುದು. ಒಳಗೆ ಹೋಗಿ ಬಾಗಿಲು ಎಳೆದುಕೊಳ್ಳುವುದು. ಟಾರ್ಚ್ ಆರಿಸಿ, ಮಾಸ್ಕ್ ಕೆಳಗಿಳಿಸಿ, ಕತ್ತಲಲ್ಲಿ ಹತ್ತು ನಿಮಿಷ ಸುಮ್ಮನೆ ಕೂರುವುದು. ಗಾಳಿ ನಿಂತ ಮೇಲೆ ಗೋಡೆಗಳ ವಾಸನೆ ಮೆಲ್ಲಗೆ ಬಿಡುತ್ತದೆ ಎನ್ನುತ್ತಿದ್ದರು. ಮಾಸ್ಕ್ ತೆಗೆಯುವುದು ನಿಯಮಕ್ಕೆ ವಿರುದ್ಧ, ಮ್ಯಾನೇಜರ್ ಬೈದೂ ಬೈದೂ ಸುಸ್ತಾಗಿದ್ದರು.

"ಮೀಟರ್ ಕೊಟ್ಟಿರೋದು ಯಾಕಪ್ಪಾ?" ಎಂದು ಅವರು ಕೇಳಿದರೆ, "ಮೀಟರ್‌ಗೆ ಇವತ್ತಿಂದು ಮಾತ್ರ ಗೊತ್ತು ಸಾರ್, ಮೂಗಿಗೆ ಹೋದ ವರ್ಷದ್ದೂ ಗೊತ್ತು" ಎನ್ನುತ್ತಿದ್ದರು ಮಾವ.

ಮಾವನ ಮನೆ ಎಂದರೆ ಮೂರನೆಯ ಮಹಡಿಯಲ್ಲಿ ಎರಡು ಕೋಣೆ. ಒಬ್ಬಳೇ ಮಗಳು, ಮದುವೆಯಾಗಿ ಬೇರೆ ಊರಲ್ಲಿದ್ದಾಳೆ. ಅತ್ತೆ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಹೊಲಿಗೆ ಯಂತ್ರ ಕಿಟಕಿಯ ಪಕ್ಕ, ಕತ್ತರಿಸಿದ ಚೂರುಗಳ ಡಬ್ಬ ಮಂಚದ ಕೆಳಗೆ, ಇಸ್ತ್ರಿ ಮೇಜು ಬಾಗಿಲ ಹಿಂದೆ. ಮಾವನ ಕೆಲಸದ ಬಟ್ಟೆಗೆ ಬೇರೆ ಬಕೆಟ್ಟು, ಅದನ್ನು ಯಾರೂ ಮುಟ್ಟುವಂತಿಲ್ಲ, ಮುಟ್ಟಿದರೆ ಎರಡು ದಿನ ಮೈ ತುರಿಕೆ. "ನನ್ನ ಗಂಡನ್ನ ಮುಟ್ಟೋಕೂ ಕೈಗವಸು ಬೇಕು" ಎಂದು ಅತ್ತೆ ಒಮ್ಮೆ ಬಟ್ಟೆ ಹೊಲಿಸಲು ಬಂದವರ ಎದುರಿಗೇ ಹೇಳಿದ್ದರು. ಮಾವ ಕಿವಿ ಕೇಳಿಸದವರ ಹಾಗೆ ಪೇಪರ್ ತಿರುವಿ ಹಾಕಿದರು.

ಹೋದ ವರ್ಷ ಮಾವನಿಗೆ ಜ್ವರ ಬಂತು. ಆಗ ಅರ್ಧ ಊರಿಗೇ ಬಂದಿತ್ತು. ಹನ್ನೆರಡು ದಿನ ಮಲಗಿ, ಎದ್ದು, ಗಡ್ಡ ಬೋಳಿಸಿಕೊಂಡು ಕೆಲಸಕ್ಕೆ ಬಂದರು. ಬಾಯಿ ಕೆಟ್ಟಿದೆ, ಊಟ ಸಪ್ಪೆ ಎಂದು ಗೊಣಗುತ್ತಿದ್ದರು. ಜ್ವರದ ಬಾಯಿ ಎಂದರೆ ಹಾಗೆಯೇ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಆಮೇಲೆ ಏಳನೆಯ ಕಾಲಮ್ಮಿನಲ್ಲಿ ಬರೀ 'ಇಲ್ಲ' ಬರತೊಡಗಿತು. ಒಂದಲ್ಲ, ಎರಡಲ್ಲ, ಎರಡು ತಿಂಗಳಲ್ಲಿ ಹನ್ನೊಂದು ಯೂನಿಟ್ಟು, ಹನ್ನೊಂದಕ್ಕೂ 'ಇಲ್ಲ'.

"ಏನ್ ಮಾವ, ಕೈ ನೋವಾ? ಎಲ್ಲಾದಕ್ಕೂ ಇಲ್ಲ ಇಲ್ಲ ಅಂತ ಬರ್ದು ಬಿಸಾಕಿದ್ದೀರಿ?" ಎಂದೆ.

"ಇಲ್ಲದ್ದನ್ನ ಇಲ್ಲ ಅಂತ ಬರೀದೆ ಇನ್ನೇನ್ ಬರೀಲಿ? ಮೂವತ್ತೈದು ವರ್ಷ ಬಡ್ಕೊಂಡೆ, ಟ್ರೇ ಇಳಿಜಾರಾಗಿಡಿ, ನೀರು ನಿಲ್ಲಿಸ್ಬೇಡಿ ಅಂತ. ಈಗ ಬುದ್ಧಿ ಬಂದಿದೆ ನೋಡು ಎಲ್ರಿಗೂ."

ಅವರ ಮುಖದಲ್ಲಿ ನಿಜವಾದ ಖುಷಿ ಇತ್ತು. ಊರಿನ ಕಟ್ಟಡಗಳೆಲ್ಲ ಒಂದೇ ಸಲ ಶುದ್ಧವಾಗಿವೆ, ಅದು ತನ್ನಿಂದ ಆಗಿದೆ ಎಂದು ಆ ಎರಡು ತಿಂಗಳು ನಂಬಿಕೊಂಡಿದ್ದರು. ಬೇರೆ ಯಾವ ಕೆಲಸದವನಾದರೂ ಇಂಥ ತಪ್ಪು ಮಾಡುತ್ತಿರಲಿಲ್ಲ, ಮಾಡಲು ಅವಕಾಶವೇ ಇರುತ್ತಿರಲಿಲ್ಲ. ಮೂಗು ಸತ್ತರೆ ಬಡಗಿಗೆ ಗೊತ್ತಾಗುವುದು ಊಟದ ತಟ್ಟೆಯಲ್ಲಿ. ಮಾವನಿಗೆ ಅದು ಒಳ್ಳೆಯ ಸುದ್ದಿಯಾಗಿ ಬಂತು.

ಹನ್ನೆರಡನೆಯ ವರದಿಯಿಂದ ವಾಸನೆಗಳು ಮತ್ತೆ ಬಂದವು. 'ಮಡಿಸಿಟ್ಟು ಮರೆತ ಚಾದರ.' ನನಗೆ ಸಮಾಧಾನವಾಯಿತು. ಮುಂದಿನ ವಾರ 'ಹೊಸ ಬಟ್ಟೆಯ ಗಂಜಿ'. ಅದರ ಮುಂದಿನದು 'ಇಸ್ತ್ರಿ ತಾಗಿದ ಉಣ್ಣೆ, ಸುಟ್ಟಿಲ್ಲ, ಬಿಸಿ ಅಷ್ಟೆ'. ಅದನ್ನು ಟೈಪ್ ಮಾಡುತ್ತ ನನ್ನ ಬೆರಳು ನಿಂತಿತು. ನಮ್ಮ ಮಾವ ಹುಟ್ಟಿದ ಮೇಲೆ ಇಸ್ತ್ರಿ ಪೆಟ್ಟಿಗೆ ಮುಟ್ಟಿದವರಲ್ಲ. ಇದು ಅವರ ಅಕ್ಷರ, ಮಾತು ಬೇರೆಯವರದು. ಯಾರದೆಂದು ಯೋಚಿಸಬೇಕಾಗಿಯೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ನೇರವಾಗಿ ಮನೆಗೆ ಹೋದೆ. ಮಾವ ಅಂಗಡಿಗೆ ಹೋಗಿದ್ದರು. ಕಿಟಕಿಯ ಹಲಗೆಯ ಮೇಲೆ ಮುಚ್ಚಳದ ಸಣ್ಣ ಸ್ಟೀಲ್ ಡಬ್ಬಿ ಇತ್ತು, ಮೇಲೆ ಅಂಟುಪಟ್ಟಿಯಲ್ಲಿ ಯೂನಿಟ್ ಸಂಖ್ಯೆ.

"ಅತ್ತೆ, ಇದೇನಿದು?"

"ಏನೂ ಅಲ್ಲ, ಅರಿಶಿನ."

"ಅರಿಶಿನಕ್ಕೆ ಯೂನಿಟ್ ನಂಬರ್ ಯಾವಾಗಿಂದ ಹಾಕ್ತಾ ಇದ್ದೀರಾ?"

ಅತ್ತೆ ಯಂತ್ರದಿಂದ ಕಾಲು ತೆಗೆದರು. ದಾರ ಕತ್ತರಿಸಿ, ಸೂಜಿ ಎತ್ತಿ, ಆಮೇಲೆ ಹೇಳಿದರು.

"ಹಾಲಿಟ್ಟು ಕೆಳಗಿನ ಮನೆಗೆ ಹೋಗಿದ್ದೆ ಕಣೇ. ಉಕ್ಕಿ, ಸೀದು, ಪಾತ್ರೆ ಕರ್ರಗಾಗಿ ಹೋಗಿತ್ತು. ನಾನು ಒಂದು ಮಹಡಿ ಕೆಳಗಿಂದ ವಾಸನೆ ಹಿಡ್ಕೊಂಡು ಓಡಿ ಬಂದ್ರೆ, ಇವರು ಒಲೆಗೆ ಬೆನ್ನು ಹಾಕ್ಕೊಂಡು ಮೂರಡಿ ದೂರದಲ್ಲಿ ಪೇಪರ್ ಓದ್ತಾ ಕೂತಿದ್ರು. ಯಾಕೆ ಓಡ್ತೀಯ ಅಂತ ನನ್ನನ್ನೇ ಕೇಳಿದ್ರು."

ಆಮೇಲೆ ಅತ್ತೆ ಅವರ ಮೂಗಿಗೆ ಬೆಳ್ಳುಳ್ಳಿ ಹಿಡಿದರಂತೆ, ಫಿನಾಯಿಲ್ ಹಿಡಿದರಂತೆ, ಟ್ರಂಕಿನೊಳಗಿನ ನುಸಿಗುಳಿಗೆ ಹಿಡಿದರಂತೆ. ಒಂದೂ ತಿಳಿಯಲಿಲ್ಲ. ಮಾವ ಗೋಡೆಯ ಕಡೆ ತಿರುಗಿ ಮಧ್ಯಾಹ್ನದವರೆಗೂ ಕೂತಿದ್ದರಂತೆ. ವೈದ್ಯರು ವಾಪಸ್ ಬರಬಹುದು, ಬರದೆಯೂ ಇರಬಹುದು ಎಂದು ಎರಡೂ ಕಡೆಯ ಮಾತು ಹೇಳಿ ಕಳಿಸಿದ್ದರು.

ಅದರಿಂದಾಚೆ ಮಾವ ಪ್ರತಿ ಯೂನಿಟ್ಟಿನಲ್ಲೂ ಟ್ರೇ ಹತ್ತಿರದ ಮೂಲೆಯಿಂದ ಹೆಬ್ಬೆರಳಿನಷ್ಟು ಇನ್ಸುಲೇಶನ್ ಕತ್ತರಿಸಿ, ಆ ಜಾಗಕ್ಕೆ ಟೇಪು ಹಚ್ಚಿ, ಚೂರನ್ನು ಡಬ್ಬಿಯಲ್ಲಿ ಮನೆಗೆ ತರುತ್ತಿದ್ದರು. ಅತ್ತೆ ಬೆಳಿಗ್ಗೆ, ಒಲೆ ಹಚ್ಚುವುದಕ್ಕೂ ಮೊದಲು, ಮುಚ್ಚಳ ತೆಗೆದು ಮೂಸಿ ಹೇಳುತ್ತಿದ್ದರು. ಮಾವ ಬರೆದುಕೊಳ್ಳುತ್ತಿದ್ದರು.

ಅಷ್ಟರಲ್ಲಿ ಮಾವ ಬಂದರು. ನಾನು ಡಬ್ಬಿ ಕೈಯಲ್ಲಿ ಹಿಡಿದು ನಿಂತಿದ್ದನ್ನು ನೋಡಿದರು. ಚೀಲ ಕೆಳಗಿಟ್ಟು ಮಂಚದ ತುದಿಯಲ್ಲಿ ಕೂತರು.

"ಕಂಪನಿಗೆ ಗೊತ್ತಾದ್ರೆ ಸ್ಟಾಂಪ್ ಕಿತ್ಕೋತಾರೆ" ಎಂದರು. "ಇನ್ನು ಮೂರು ವರ್ಷ ಇತ್ತು. ಸ್ಟಾಂಪ್ ಹೋದ್ರೆ ನಾನ್ಯಾರು? ಬ್ರಷ್ ಹಿಡಿಯೋನು. ಅದು ಹಾಳಾಗ್ಲಿ ಬಿಡು. ಆ ಹನ್ನೊಂದು ಇವೆಯಲ್ಲ."

ಹನ್ನೊಂದು 'ಇಲ್ಲ'ಗಳು ಆಗ ನನಗೆ ನೆನಪಾದವು. ಎಲ್ಲದಕ್ಕೂ ಅವರ ಸ್ಟಾಂಪ್ ಬಿದ್ದಿತ್ತು. ಎಲ್ಲವನ್ನೂ ಟೈಪ್ ಮಾಡಿದವಳು ನಾನು.

ಯಾರಿಗೂ ಹೇಳದೆ ಆ ಹನ್ನೊಂದನ್ನೂ ಮತ್ತೆ ನೋಡಿಬಿಡುವುದು ಎಂದು ಮೂವರೂ ತೀರ್ಮಾನಿಸಿದೆವು. ಫಿಲ್ಟರ್ ಬದಲಿಸುವ ತಂಡ ಹೋದಲ್ಲೆಲ್ಲ ಮಾವ ಒಂದು ನೆಪ ಹೇಳಿಕೊಂಡು ಜೊತೆಗೆ ಹೋಗುತ್ತಿದ್ದರು. ಒಂದೂವರೆ ತಿಂಗಳಲ್ಲಿ ಹತ್ತು ಚೂರು ಕಿಟಕಿಯ ಹಲಗೆಗೆ ಬಂದವು. ಎಂಟು ಚೆನ್ನಾಗಿದ್ದವು. ಎರಡನ್ನು ಅತ್ತೆ ಮುಚ್ಚಳ ತೆಗೆದ ತಕ್ಷಣ ಮುಖ ತಿರುಗಿಸಿ ಮುಚ್ಚಿದರು. ಅದರಲ್ಲೊಂದು ಲೈಬ್ರರಿಯದು. ಅಲ್ಲಿ ಪುಸ್ತಕ ಎರವಲು ಕೊಡುವ ಹೆಂಗಸು ತಿಂಗಳಿನಿಂದ ಕೆಮ್ಮುತ್ತಿದ್ದಾಳೆ ಎಂದು ಫಿಲ್ಟರಿನವರು ಹೇಳಿದರು. ಮಾವ ಹರಿದಿದೆ ಎಂದು ಕಾರಣ ಬರೆದು ಎರಡೂ ಕಡೆ ಹಾಸು ಕತ್ತರಿಸಿ ಹೊಸದು ಹಾಕಿಸಿದರು. ಕತ್ತರಿಸಿದ್ದರ ಹಿಂಬದಿ ಕಪ್ಪಗಿತ್ತಂತೆ. ಅವತ್ತು ಅವರು ಮನೆಗೆ ಬಂದು ಊಟ ಮಾಡಲಿಲ್ಲ.

ಹತ್ತರಲ್ಲಿ ಎರಡು. ಉಳಿದದ್ದು ಒಂದು. ಆ ಒಂದು ಹೆರಿಗೆ ಆಸ್ಪತ್ರೆಯದು, ಆಗಷ್ಟೇ ಹುಟ್ಟಿದ ಮಕ್ಕಳನ್ನು ಇಡುವ ವಾರ್ಡಿನದು. ಹಳೆಯ ಕಟ್ಟಡ, ಹಳೆಯ ಯೂನಿಟ್ಟು. ಅದನ್ನು ವರ್ಷಕ್ಕೆ ಒಂದೇ ಸಲ ನಿಲ್ಲಿಸುತ್ತಾರೆ. ಅವತ್ತು ಮಕ್ಕಳನ್ನೆಲ್ಲ ಬೇರೆ ವಾರ್ಡಿಗೆ ಸಾಗಿಸುತ್ತಾರೆ. ನೆಪ ಹೇಳಿಕೊಂಡು ಒಳಗೆ ನುಸುಳುವ ಜಾಗವಲ್ಲ. ಮಧ್ಯದಲ್ಲಿ ತೆರೆಯಬೇಕಾದರೆ ಸ್ಟಾಂಪ್ ಹಾಕಿದವನೇ ಕಾರಣ ಬರೆದು ಕೊಡಬೇಕು.

ಮಾವನ ಸ್ಟಾಂಪ್ ಉಳಿಸಬೇಕೆಂದು ನನ್ನ ಹಟ. ಆಫೀಸಿನಲ್ಲಿ ಕೂತು ಒಂದು ಕಾಗದ ತಯಾರು ಮಾಡಿದೆ. ಹಿಂದಿನ ತಪಾಸಣೆಯಲ್ಲಿ ಬಳಸಿದ ತೇವದ ಮೀಟರಿನಲ್ಲಿ ದೋಷ ಕಂಡುಬಂದಿರುವುದರಿಂದ ಮರುತಪಾಸಣೆಗೆ ಅವಕಾಶ ಕೊಡಬೇಕಾಗಿ ವಿನಂತಿ, ಹೀಗೆ. ಹದಿನಾಲ್ಕು ವರ್ಷ ಇಂಥವನ್ನು ಟೈಪ್ ಮಾಡಿದವಳಿಗೆ ಸುಳ್ಳು ಬರೆಯುವುದು ಕಷ್ಟವಲ್ಲ. ಮಾವ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಪೆನ್ನು ತೆಗೆದು ಒಂದು ಕಡೆ ತಿದ್ದಿದರು.

"ಮೀಟರ್ ನಂಬರ್ ತಪ್ಪು ಬರ್ದಿದ್ದೀಯ. ಅವತ್ತು ತಗೊಂಡು ಹೋಗಿದ್ದು ನಾಲ್ಕನೇದು."

"ಸರಿ, ತಿದ್ತೀನಿ. ಸ್ಟಾಂಪ್ ಹಾಕಿ."

ಅವರು ಕಾಗದವನ್ನು ನಾಲ್ಕು ಮಡಿಕೆ ಮಡಿಸಿ ನನ್ನ ಕೈಗೇ ಇಟ್ಟರು. "ಮೀಟರ್ ಕೆಟ್ಟಿದೆ ಅಂದ್ರೆ ಅವರೇನ್ ಮಾಡ್ತಾರೆ? ಇನ್ನೊಂದು ಮೀಟರ್ ತಗೊಂಡು, ಬಾಗಿಲು ತೆಗೆದು, ಎರಡು ನಿಮಿಷ ಇಟ್ಟು ನೋಡಿ, ಮುಚ್ಕೊಂಡು ಹೋಗ್ತಾರೆ. ಮೂಸೋರು ಯಾರು?"

"ನೀವು ಹೋಗಿ ಚೂರು ತನ್ನಿ."

"ಮಕ್ಕಳನ್ನ ಆಚೆ ಇಟ್ಕೊಂಡು ಕಾಯ್ತಿರ್ತಾರೆ. ಚೂರು ಮನೆಗೆ ತಂದು, ನಿಮ್ಮತ್ತೆ ಬೆಳಿಗ್ಗೆ ಎದ್ದು ಮೂಸೋವರೆಗೂ ಕಾಯಿರಿ ಅನ್ನೋಕಾಗುತ್ತಾ? ಅವಳೇ ಒಳಗೆ ಹೋಗ್ಬೇಕು. ಟೈಲರಮ್ಮ ಯಾಕೆ ಒಳಗೆ ಹೋಗ್ತಾಳೆ ಅಂತ ಕೇಳ್ತಾರೆ. ಏನ್ ಹೇಳ್ತೀಯ?"

ನನಗೆ ಸಿಟ್ಟು ಬಂತು. ಆ ಕಾಗದವನ್ನು ಹರಿದು ಬುಟ್ಟಿಗೆ ಹಾಕಿದೆ.

"ಇನ್ನೊಂದು ಕಾಗದ ಹಾಕು ಮೆಷಿನ್‌ಗೆ" ಎಂದರು. "ಬರಿ. ನನಗೆ ಜ್ವರ ಬಂದ ಮೇಲೆ ವಾಸನೆ ಬರುವುದಿಲ್ಲ. ನಾನು 'ಇಲ್ಲ' ಎಂದು ಬರೆದದ್ದನ್ನು ನಂಬಬೇಡಿ. ಅಷ್ಟೇ."

"ಅಷ್ಟೇನಾ?"

"ಇನ್ನೇನಿದೆ ಬರೆಯೋಕೆ?"

ಅದನ್ನು ಟೈಪ್ ಮಾಡಲು ನನಗೆ ಇಪ್ಪತ್ತು ನಿಮಿಷ ಹಿಡಿಯಿತು. ಎರಡು ಸಲ ತಪ್ಪು ಮಾಡಿದೆ, ಒಂದು ಸಲ ಬೇಕೆಂದೇ.

ಮ್ಯಾನೇಜರ್ ಕೆಟ್ಟ ಮನುಷ್ಯರಲ್ಲ. ಕಾಗದ ಓದಿ, ಬಾಗಿಲು ಮುಚ್ಚಿಸಿ, ಮಾವನಿಗೆ ಕೂರಲು ಹೇಳಿದರು. ನಾನು ಫೈಲ್ ಹಿಡಿದು ಅಲ್ಲೇ ಇದ್ದೆ.

"ಮೂರು ವರ್ಷ ಹೇಗೋ ತಳ್ಳಿಬಿಡಬಹುದಿತ್ತಲ್ಲಪ್ಪಾ" ಎಂದರು.

"ತಳ್ತಾ ಇದ್ದೆ ಸಾರ್. ಈ ಒಂದು ಹೋಗ್ತಾ ಇಲ್ಲ."

"ಈ ಕಾಗದ ಆಸ್ಪತ್ರೆಗೆ ಹೋದ್ಮೇಲೆ ನಿಮ್ಮನ್ನ ತಪಾಸಣೆಗೆ ಇಟ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ."

"ಗೊತ್ತು" ಎಂದು ಮಾವ ಕನ್ನಡಕದ ಹಿಂದಿನಿಂದ ಸ್ಟಾಂಪ್ ತೆಗೆದು ಮೇಜಿನ ಮೇಲಿಟ್ಟರು. ಮ್ಯಾನೇಜರ್ ಅದನ್ನು ಮುಟ್ಟಲಿಲ್ಲ. ಹಾಗಾದರೆ ಮೂಸುವವರು ಯಾರು, ಇಂಜಿನಿಯರನ್ನು ಕಳಿಸಲೇ ಎಂದು ಕೇಳಿದರು.

"ಬೇಡ ಸಾರ್, ಅವನು ದಿನಕ್ಕೆ ಒಂದು ಪ್ಯಾಕ್ ಸಿಗರೇಟ್ ಸೇದ್ತಾನೆ. ನನ್ನ ಹೆಂಡತಿ ಬರ್ತಾಳೆ. ಆಗಲೇ ಹತ್ತು ನೋಡಿದ್ದಾಳೆ."

ಆ ಹತ್ತರ ವಿಷಯ ಕೇಳಿ ಮ್ಯಾನೇಜರ್ ತಲೆಯ ಮೇಲೆ ಕೈ ಹೊತ್ತು ಕೂತರು. ನನ್ನ ಕಡೆಯೂ ಒಂದು ಸಲ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ.

ಆಸ್ಪತ್ರೆಯವರು ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಕೊಟ್ಟರು. ನಾವು ಹೋದಾಗ ಮಕ್ಕಳನ್ನು ಸಾಗಿಸುತ್ತಿದ್ದರು. ಹತ್ತೊಂಬತ್ತು ಮಕ್ಕಳು. ಗಾಜಿನ ತೊಟ್ಟಿಲುಗಳ ಚಕ್ರಗಳು ಕಾರಿಡಾರಿನಲ್ಲಿ ಕಿರುಗುಟ್ಟುತ್ತಿದ್ದವು. ಒಬ್ಬ ತಾಯಿ ಹೊಟ್ಟೆಯ ಹೊಲಿಗೆಯನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡು ತನ್ನ ಮಗುವಿನ ತೊಟ್ಟಿಲಿನ ಹಿಂದೆ ಒಂದೊಂದೇ ಹೆಜ್ಜೆ ಇಡುತ್ತಿದ್ದಳು. ಮಾವ ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟರು. ಹೆಡ್ ನರ್ಸ್ ಪಟ್ಟಿ ಹಿಡಿದು ಎಣಿಸುತ್ತಿದ್ದಳು. ನಮ್ಮನ್ನು ನೋಡಿದ ನೋಟದಲ್ಲೇ ಅವಳ ಮನಸ್ಸು ತಿಳಿಯುವಂತಿತ್ತು.

ಅತ್ತೆಗೆ ಕಂಪನಿಯ ಮೈಕವಚ ಒಂದಡಿ ಉದ್ದವಾಗಿತ್ತು. ತೋಳು ಮಡಿಸಿ ಪಿನ್ನು ಚುಚ್ಚಿಕೊಂಡರು. "ಇದನ್ನ ಯಾರ್ರೀ ಹೊಲ್ದಿದ್ದು, ಕಂಕುಳಲ್ಲಿ ಬಟ್ಟೇನೇ ಬಿಟ್ಟಿಲ್ಲ" ಎಂದರು. ಇಂಜಿನಿಯರ್ ಫ್ಯಾನ್ ನಿಲ್ಲಿಸಿದ. ಮಾವ ಮೊದಲು ಒಳಗೆ ಹೋಗಿ ಕೈ ಕೊಟ್ಟರು, ಅತ್ತೆ ಬಗ್ಗಿ ಹಿಂದೆ ಹೋದರು. ಬಾಗಿಲು ಮುಚ್ಚಿತು.

ಹತ್ತು ನಿಮಿಷ. ನಾನು ಫೈಲ್ ಅಪ್ಪಿಕೊಂಡು ಹೊರಗೆ ನಿಂತಿದ್ದೆ. ಒಳಗಿನಿಂದ ಒಂದು ಸದ್ದಿಲ್ಲ. ಏನಾದರೂ ಇರಲಿ ಎಂದು ನಾನು ಬೇಡಿಕೊಂಡೆ. ಮಾವ ಕಳೆದುಕೊಂಡದ್ದು ದಂಡವಾಗದಿರಲಿ ಎಂದು, ಎಳೆ ಮಕ್ಕಳ ಗಾಳಿಯಲ್ಲಿ ಬೂಷ್ಟಿರಲಿ ಎಂದು ಬೇಡಿಕೊಂಡವಳು ನಾನು. ನಾಚಿಕೆಗೇಡಿನ ವಿಷಯ, ಆದರೂ ನಡೆದದ್ದು ಅದೇ.

ಬಾಗಿಲು ತೆರೆಯಿತು. ಅತ್ತೆ ತಲೆ ಹೊರಗೆ ಹಾಕಿದರು.

"ಏನೂ ಇಲ್ಲ."

"ಟ್ರೇ ಹಿಂದೆ?" ಮಾವನ ದನಿ ಒಳಗಿನಿಂದ ಕೇಳಿತು.

"ಅಲ್ಲೂ ನೋಡಿದ್ನಲ್ಲ. ಏನೂ ಇಲ್ಲ."

"ಇನ್ನೊಂದ್ಸಲ ನೋಡು."

ಮತ್ತೆ ಬಾಗಿಲು ಮುಚ್ಚಿತು, ಮತ್ತೆ ಹತ್ತು ನಿಮಿಷ. ಎರಡನೆಯ ಸಲವೂ ಅದೇ ಮಾತು. ಮೂರನೆಯ ಸಲ ಮಾವ ಟ್ರೇ ಹಿಂದಿನ ಮೂಲೆಯಿಂದ ಅಂಗೈಯಗಲದ ಚೂರು ಕತ್ತರಿಸಿ ಹೊರಗೆ ತಂದರು. ಹಿಂಬದಿ ತಿರುಗಿಸಿದರೆ ಅಂಗಡಿಯಿಂದ ಈಗ ತಂದ ಹಾಗೆ ಹಳದಿಯಾಗಿತ್ತು. ಅತ್ತೆ ಅದನ್ನು ಮೂಗಿನ ಹತ್ತಿರ ಹಿಡಿದು, "ತೊಳೆದು ಬಿಸಿಲಲ್ಲಿ ಒಣಗಿಸಿದ ಬಟ್ಟೆ" ಎಂದರು. ನಾನು ಅದನ್ನೇ ಏಳನೆಯ ಕಾಲಮ್ಮಿನಲ್ಲಿ ಬರೆದುಕೊಂಡೆ. ಎಂಟನೆಯದರಲ್ಲಿ ಇಂಜಿನಿಯರ್ ಸಹಿ ಮಾಡಿದ.

ಹೆಡ್ ನರ್ಸ್ ಬಂದು ಏನಾಯಿತು ಎಂದು ಕೇಳಿದಳು. ಮಾವನೇ ಹೇಳಿದರು.

"ಏನೂ ಇಲ್ವಾ?" ಎಂದಳು ಅವಳು. "ಏನೂ ಇಲ್ಲ ಅಂತ ಹೇಳೋಕೆ ಹತ್ತೊಂಬತ್ತು ಮಕ್ಕಳನ್ನ ಎತ್ಕೊಂಡು ಓಡಾಡೋ ಹಾಗೆ ಮಾಡಿದ್ರಾ?"

"ಹೌದಮ್ಮ" ಎಂದರು ಮಾವ.

ಅವಳು ಪಟ್ಟಿ ಹಿಡಿದು ಮಕ್ಕಳನ್ನು ವಾಪಸ್ ತರಿಸಲು ಹೋದಳು. ಮಾವ ಅಲ್ಲಿ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತು ಅತ್ತರು. ನಾನು ಅವರು ಅತ್ತದ್ದನ್ನು ನೋಡಿದ್ದು ಅದೊಂದೇ ಸಲ, ಮಗಳ ಮದುವೆಯಲ್ಲೂ ಅತ್ತಿರಲಿಲ್ಲ. ಕಣ್ಣೊರೆಸಿಕೊಳ್ಳಲು ಕೈ ಎತ್ತಿದಾಗ ಅತ್ತೆ ಮಣಿಕಟ್ಟು ಹಿಡಿದರು.

"ಕೈ ತೊಳೀದೆ ಕಣ್ಣು ಮುಟ್ಬೇಡ್ರೀ. ಆಮೇಲೆ ಉರಿ ಉರಿ ಅಂತ ನನ್ ತಲೆ ತಿಂತೀರಿ."

ತಮ್ಮ ಮೈಕವಚದ ಜಿಪ್ಪು ಇಳಿಸಿ, ಒಳಗಿನ ಸೀರೆಯ ಸೆರಗಿನ ತುದಿಯಿಂದ ಅವರೇ ಒರೆಸಿದರು.

ಈಗ ಮಾವ ಬ್ರಷ್ಷಿನ ತಂಡದಲ್ಲಿದ್ದಾರೆ. ಕಂಪನಿ ಮನೆಗೆ ಕಳಿಸಲಿಲ್ಲ, ಅಷ್ಟು ಮಾಡಿದ್ದು ಮ್ಯಾನೇಜರ್. ಸ್ಟಾಂಪ್ ಇಂಜಿನಿಯರನಿಗೆ ಬಂತು, ಹೆಸರು ಬೇರೆ ಮಾಡಿಸಿದರು. ಏಳನೆಯ ಕಾಲಂ ಬಂದಾಗಲೂ ಈಗ ನನಗೆ ಆಕಳಿಕೆ ಬರುತ್ತದೆ. ಆದರೂ 'ಇಲ್ಲ' ಕಂಡಾಗಲೆಲ್ಲ ಇಂಜಿನಿಯರನನ್ನು ಕರೆದು, ಸಿಗರೇಟ್ ಸೇದಿ ಎಷ್ಟು ಹೊತ್ತಾದ ಮೇಲೆ ಮೂಸಿದ್ದು ಎಂದು ಕೇಳುತ್ತೇನೆ. ಅವನು ಮ್ಯಾನೇಜರಿಗೆ ದೂರು ಕೊಟ್ಟಿದ್ದಾನೆ.

ನನ್ನ ಸಿಟ್ಟು ಮಾತ್ರ ಹೋಗಿರಲಿಲ್ಲ. ಹೋದ ವಾರ ಕೈಗವಸುಗಳ ಪೊಟ್ಟಣ ಕೊಡಲು ಅದೇ ಲೈಬ್ರರಿಗೆ ಹೋಗಿದ್ದೆ. ಕೆಮ್ಮುತ್ತಿದ್ದ ಹೆಂಗಸು ಕೌಂಟರಿನಲ್ಲಿ ಯಾರನ್ನೋ ಗಟ್ಟಿಯಾಗಿ ಗದರಿಸುತ್ತಿದ್ದಳು. ಹಿಂದಿನ ಕೋಣೆಯಲ್ಲಿ ಯೂನಿಟ್ಟಿನ ಬಾಗಿಲು ತೆರೆದಿತ್ತು. ಮಾವ ಮಂಡಿಯೂರಿ, ಒಂದು ಕೈಯಲ್ಲಿ ವ್ಯಾಕ್ಯೂಮಿನ ಬಾಯಿ, ಇನ್ನೊಂದರಲ್ಲಿ ಮೆತ್ತನೆಯ ಬ್ರಷ್ಷು ಹಿಡಿದು ಮೇಲಿನಿಂದ ಕೆಳಕ್ಕೆ ಎಳೆಯುತ್ತಿದ್ದರು. ಐವತ್ತೆಂಟರ ಮಂಡಿ. ನನ್ನನ್ನು ನೋಡಿ ಯಂತ್ರ ನಿಲ್ಲಿಸಿ ಮಾಸ್ಕ್ ಕೆಳಗಿಳಿಸಿದರು. ಎಡಜೇಬಿನಲ್ಲಿ ಕನ್ನಡಕ ಒಂದೇ ಇತ್ತು.

ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. "ಏನೂ ಇರ್ಲಿಲ್ವಲ್ಲ ಮಾವ ಆ ಆಸ್ಪತ್ರೇಲಿ. ಬಾಯಿ ಮುಚ್ಕೊಂಡಿದ್ರೆ ಆಗ್ತಿತ್ತು. ಸುಮ್ನೆ ಸ್ಟಾಂಪ್ ಕಳ್ಕೊಂಡ್ರಿ."

ಮಾವ ಬ್ರಷ್ಷಿನ ಕೂದಲಿಗೆ ಸಿಕ್ಕಿಕೊಂಡಿದ್ದ ಒಂದು ಎಳೆ ಬಿಡಿಸಿದರು.

"ಏನೂ ಇರ್ಲಿಲ್ಲ ಅಂತ ನಿಂಗೆ ಯಾರು ಹೇಳಿದ್ದು?"

"ಅತ್ತೆನೇ ಹೇಳಿದ್ರಲ್ಲ."

"ಯಾವಾಗ ಹೇಳಿದ್ಲು?"

"ನೀವು ಆ ಕಾಗದ ಕೊಟ್ಟು, ಬಾಗಿಲು ತೆಗೆಸಿದ ಮೇಲೆ" ಎಂದೆ. ಮಾವ ಮಾಸ್ಕ್ ಮೇಲೆಳೆದುಕೊಂಡು ವ್ಯಾಕ್ಯೂಮಿನ ಗುಂಡಿ ಒತ್ತಿದರು.